ಎರಡು ಪುಟ ಉಳಿಸಲಾಗಿದೆ

ಫೆಬ್ರವರಿ ೯, ಸೋಮವಾರ, ಮಧ್ಯಾಹ್ನ

ತಂಗೀ,

ನೀವೆಲ್ಲ ಚೆನ್ನಾಗಿದ್ದೀರಿ ಎಂದು ನಿನ್ನೆ ಫೋನಿನಲ್ಲೇ ತಿಳಿದಿದೆ, ನಮ್ಮ ಕ್ಷೇಮವನ್ನೂ ಆಗಲೇ ಹೇಳಿದ್ದೇನೆ. ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ. ಫೋನ್ ಇರುವಾಗ ಪತ್ರವೇಕೆ ಎಂದು ಕೇಳಬೇಡ. ಮೂರನೇ ವರ್ಷದ ಹುಡುಗಿಯರು ವಾರ್ಡಿಗೆ ಹೋಗಿದ್ದಾರೆ, ನರ್ಸಿಂಗ್ ಶಾಲೆಯ ಶಿಕ್ಷಕಿಯರ ಕೋಣೆಯಲ್ಲಿ ನಾನೊಬ್ಬಳೇ ಇದ್ದೇನೆ, ಕೈಯಲ್ಲಿ ಒಂದು ಗಂಟೆ ಬಿಡುವಿದೆ.

ವಿಷಯ ಪ್ರಿಂಟರಿನದು. ಹೋದ ವರ್ಷ ಮನೆ ಬದಲಿಸುವಾಗ ನೀವು ನಮಗೆ ಕೊಟ್ಟಿರಲ್ಲ, ಅದು. ಕೊಟ್ಟವರ ಮನಸ್ಸು ನೋಯಿಸಬಾರದು, ಆದರೂ ಬರೆಯುತ್ತೇನೆ: ಅದು ನನ್ನ ಕೈಗೆ ಬಗ್ಗುವುದಿಲ್ಲ. ಕಪ್ಪು ಅಕ್ಷರ ತೆಗೆಯಲು ಹೋದರೆ ಹಳದಿ ಇಂಕು ಮುಗಿದಿದೆ ಎಂದು ನಿಲ್ಲುತ್ತದೆ. ಅಂಗಡಿಯಿಂದ ಬೇರೆ ಇಂಕಿನ ಡಬ್ಬಿ ತಂದು ಹಾಕಿದರೆ ಇದು ನಮ್ಮ ಕಂಪನಿಯದಲ್ಲ ಎಂದು ಉಗುಳುತ್ತದೆ. ಅದಕ್ಕೆ ಇಂಟರ್ನೆಟ್ ಬೇಕಂತೆ, ಖಾತೆ ಬೇಕಂತೆ, ಒಪ್ಪಿಗೆ ಬೇಕಂತೆ. ಶನಿವಾರ ನಾನು ಏಳು ಸಲ ‘ಒಪ್ಪಿದೆ’ ಎಂದು ಒತ್ತಿದ್ದೇನೆ, ಎಣಿಸಿದ್ದೇನೆ. ಮದುವೆಯಲ್ಲೂ ನನ್ನನ್ನು ಇಷ್ಟು ಸಲ ಕೇಳಿರಲಿಲ್ಲ.

ಈಗ ಅದರ ವೈರು ಕಿತ್ತು, ಮೇಲೆ ದಿಂಬಿನ ಚೀಲ ಹೊದಿಸಿ, ಗೋಡೆಯ ಕಡೆ ಮುಖ ಮಾಡಿ ಇಟ್ಟಿದ್ದೇನೆ. ನಿಮ್ಮ ಭಾವ ನೀರಿನ ಪೈಪಿನ ಕೆಲಸ ಮುಗಿಸಿ ಬಂದವರು ಅದನ್ನು ನೋಡಿ, “ಅದು ಪ್ರಿಂಟರ್ ಕಣೇ, ಪೊಲೀಸ್ ಅಲ್ಲ” ಅಂದರು. ನಾನು ನಗಲಿಲ್ಲ.

ನಿನ್ನೆ ಸಂಜೆ ಅಂಗಡಿಗೆ ಹೋಗಿದ್ದೆ. ಒಂದೇ ಸಾಲಿನಲ್ಲಿ ಒಂಬತ್ತು ಪ್ರಿಂಟರ್ ಇಟ್ಟಿದ್ದಾರೆ. ಫೋನಿಗೆ ಜೋಡಿಸುವ ಗೊಡವೆ ಇಲ್ಲದ್ದು ಯಾವುದಿದೆ ಎಂದು ಕೇಳಿದೆ. ಅಂಗಡಿಯವನು, “ಮೇಡಂ, ಎಲ್ಲರೂ ಜೋಡ್ಸೋದೇ ಬೇಕು ಅಂತಾರೆ. ಜೋಡ್ಸಬಾರ್ದು ಅಂತ ಕೇಳಿದವ್ರು ನೀವೇ ಮೊದಲು” ಎಂದ. ಅಕ್ಷರ ಕೊಟ್ಟರೆ ಅಕ್ಷರ ಬರಬೇಕು, ಬಂದದ್ದನ್ನು ಯಾರ ಹತ್ತಿರವೂ ಹೇಳಿಕೊಂಡು ತಿರುಗಬಾರದು, ಅಷ್ಟೇ ನನ್ನ ಬೇಡಿಕೆ ಎಂದೆ. “ಅದಕ್ಕೆ ಪೆನ್ನು ಅಂತಾರೆ ಮೇಡಂ” ಎಂದ. ಪಕ್ಕದಲ್ಲಿದ್ದ ಗಿರಾಕಿಯೂ ನಕ್ಕ. ಬರಿಗೈಲಿ ವಾಪಸು ಬಂದೆ.

ನಿಮ್ಮ ಮನೆಯವರನ್ನು ಕೇಳಿ ಹೇಳು. ಬಸ್ ಓಡಿಸುವವರಾದರೂ ಇಂಥದ್ದೆಲ್ಲ ಅವರಿಗೆ ಗೊತ್ತಿರುತ್ತದೆ. ಸರಳವಾದದ್ದು, ಕೈಕೊಡದ್ದು, ತಕರಾರು ಮಾಡದ್ದು ಬೇಕು.

ಇನ್ನೊಂದು ಸಣ್ಣ ಮಾತು. ಶನಿವಾರ ಮಧ್ಯಾಹ್ನ ನಿನ್ನ ಮಗಳು ಫೋನ್ ಮಾಡಿ, “ದೊಡ್ಡಮ್ಮಾ, ಪ್ರಿಂಟರ್ ಹಾಕಿದ್ರಾ? ನಮ್ಮನೆ ಫೋನ್ ಟಣ್ ಅಂತು. ಎರಡು ಪುಟ ಉಳಿಸಲಾಗಿದೆ ಅಂತ ಬಂದಿದೆ” ಎಂದಳು. ಹೌದು ಮರೀ ಎಂದು ಇಟ್ಟುಬಿಟ್ಟೆ. ಹಾಗೆಂದರೆ ಏನರ್ಥ? ಆ ಒಂದು ಸಾಲು ಮಾತ್ರ ಬರುತ್ತದೆಯೋ, ಪುಟಗಳೇ ಬಂದು ಕೂರುತ್ತವೆಯೋ? ಅದರಲ್ಲಿ ದೊಡ್ಡದೇನೂ ಇಲ್ಲ, ನಮ್ಮ ಶಾಲೆಯ ಕಸ ಗುಡಿಸುವವರ ಪಾಳಿಯ ಪಟ್ಟಿ. ಸುಮ್ಮನೆ ಕೇಳಿದೆ. ಒಂದು ವೇಳೆ ಇದ್ದರೆ ನಿಮ್ಮ ಮನೆಯವರೇ ಅಳಿಸಿಬಿಡಲಿ. ಉತ್ತರವನ್ನು ಪತ್ರದಲ್ಲೇ ಬರೆ.

ಇಂತಿ,
ಅಕ್ಕ

ಮತ್ತೆ: ಆ ಫೋನನ್ನು ಮರಿ ಓದುವುದಕ್ಕೆ ಇಟ್ಟುಕೊಂಡಿದ್ದಾಳೆಯೇ? ಹಾಗಿದ್ದರೆ ಕೆಲವು ದಿನ ನಿನ್ನದನ್ನು ಅವಳಿಗೆ ಕೊಟ್ಟು ಅದನ್ನು ನೀನಿಟ್ಟುಕೋ. ಪರೀಕ್ಷೆ ಹತ್ತಿರ ಬಂತು, ಸಣ್ಣ ಪರದೆ ಕಣ್ಣಿಗೆ ಒಳ್ಳೆಯದಲ್ಲ.


ಫೆಬ್ರವರಿ ೧೩, ಶುಕ್ರವಾರ

ಅಕ್ಕಾ,

ನಮಸ್ಕಾರ. ಎಂಟು ವರ್ಷದ ಮೇಲೆ ಕೈಬರಹದ ಪತ್ರ ಬಂದಾಗ ಯಾರೋ ಹೋಗಿಬಿಟ್ಟರು ಎಂದುಕೊಂಡು ಒಡೆದೆ. ನೋಡಿದರೆ ಪ್ರಿಂಟರ್. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಯಂತ್ರ ನಿಲ್ಲಿಸಿ ಓದಿದೆ, ಜೊತೆಯವಳಿಗೂ ಓದಿ ಹೇಳಿದೆ, ಇಬ್ಬರೂ ನಕ್ಕೆವು. ಬೇಜಾರು ಮಾಡಿಕೊಳ್ಳಬೇಡ.

ನಮ್ಮನೆಯವರು ಡಿಪೋದಿಂದ ಬಂದು ಓದಿ, “ಅಕ್ಕನೋರು ಪ್ರಿಂಟರ್ ಕೇಳ್ತಿದ್ದಾರಾ, ಅಳಿಯನ್ನ ಹುಡುಕ್ತಿದ್ದಾರಾ?” ಎಂದರು. ಆಮೇಲೆ ಕುಳಿತು ಸರಿಯಾಗಿಯೇ ಹೇಳಿದರು. ಅವರು ಹೇಳಿದಂತೆ ಬರೆಯುತ್ತೇನೆ. ಬಣ್ಣ ಬೇಡ, ಕಪ್ಪು ಮಾತ್ರ ಬರುವಂಥದ್ದು ತೆಗೆದುಕೊಳ್ಳಬೇಕು. ಇಂಕಿನದು ಬೇಡವೇ ಬೇಡ, ತಿಂಗಳು ಬಿಟ್ಟು ಹಾಕಿದರೆ ಒಣಗಿ ಕೂರುತ್ತದೆ. ಪುಡಿ ತುಂಬುವ ಲೇಸರ್ ಇರಲಿ. ವೈಫೈ ಇಲ್ಲದೆ ಕಂಪ್ಯೂಟರಿಗೆ ವೈರಿನಿಂದ ಸಿಕ್ಕಿಸುವಂಥದ್ದು ಈಗಲೂ ಸಿಗುತ್ತದೆ, ಅಂಗಡಿಯವರು ಹಿಂದಿನ ಸಾಲಿನಲ್ಲಿ ಇಟ್ಟಿರುತ್ತಾರೆ. ಡಿಪೋದಲ್ಲಿ ಚಾಲಕರ ಡ್ಯೂಟಿ ಚೀಟಿ ತೆಗೆಯುವುದು ಅಂಥದ್ದರಲ್ಲೇ, ಏಳು ವರ್ಷವಾಯಿತು, ಮೇಲೆ ಇಲಿ ಓಡಾಡಿದರೂ ಕೆಲಸ ಮಾಡುತ್ತಿದೆ. ಪುಡಿಯನ್ನು ಹೊರಗಿನವರ ಹತ್ತಿರ ತುಂಬಿಸಿದರೂ ಒಪ್ಪುತ್ತದೆಯೇ ಎಂದು ಕೇಳು. ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ, ಇಂಟರ್ನೆಟ್ ಇಲ್ಲದೆ, ಒಂದು ಪುಟ ತೆಗೆದು ತೋರಿಸಲು ಹೇಳು. ಶುರುವಿನಲ್ಲೇ ಇಮೇಲ್ ಕೇಳಿದರೆ ಅಲ್ಲೇ ಬಿಟ್ಟು ಬಾ.

ನಾವು ಕೊಟ್ಟದ್ದು ಇನ್ನೂ ಇವರ ಖಾತೆಯಲ್ಲೇ ಇದೆಯಂತೆ. ಗಾಜಿನ ಮೇಲೆ ಹಾಳೆ ಇಟ್ಟು ಪ್ರತಿ ತೆಗೆದರೆ ಅದರ ಚಿತ್ರ ಇಲ್ಲಿನ ಹಳೇ ಫೋನಿಗೂ ಬಂದು ಕೂರುತ್ತದಂತೆ. ಆ ಫೋನು ಇರುವುದು ಮರಿಯ ಹತ್ತಿರವೇ. ನೀನು ಹೇಳಿದೆಯೆಂದು ಇವರು ನಿನ್ನೆ ಅಳಿಸಲು ಹೋದರು. ಆ ಜಾಗ ಆಗಲೇ ಖಾಲಿ ಇತ್ತು. ನೀನು ಅಳಿಸಿದೆಯಾ ಎಂದು ಮರಿಯನ್ನು ಕೇಳಿದರೆ, “ನಂಗೊತ್ತಿಲ್ಲ” ಎಂದು ತಟ್ಟೆ ನೋಡುತ್ತಾ ಕುಳಿತಳು.

ಅಕ್ಕಾ, ನಗು ಇಲ್ಲಿಗೆ ಸಾಕು. ನನಗೆ ಅವಳದೇ ಭಯವಾಗಿದೆ. ಹೋದ ವಾರದ ತನಕ ನರ್ಸಿಂಗ್ ಕೊನೆಯ ವರ್ಷದ ಪರೀಕ್ಷೆಗೆಂದು ಸ್ನಾನದ ಕೋಣೆಯಲ್ಲೂ ಗ್ಲೂಕೋಸಿನ ಹನಿಗಳ ಲೆಕ್ಕ ಒಪ್ಪಿಸುತ್ತಿದ್ದ ಹುಡುಗಿ ಶನಿವಾರದಿಂದ ಪುಸ್ತಕ ಮುಟ್ಟಿಲ್ಲ. ಅಕ್ಷರಶಃ ಮುಟ್ಟಿಲ್ಲ. ಮೇಜಿನ ಮೇಲಿದ್ದುದನ್ನೆಲ್ಲ ಚೀಲಕ್ಕೆ ತುಂಬಿ ಮಂಚದ ಕೆಳಗೆ ತಳ್ಳಿದ್ದಾಳೆ. ಮೊನ್ನೆ ರೊಟ್ಟಿ ಮುರಿಯುತ್ತಾ, “ಈ ವರ್ಷ ಪರೀಕ್ಷೆಗೆ ಕೂರಲ್ಲಮ್ಮಾ” ಎಂದಳು. ಕಾಮಾಲೆಯಾಗಿ ಹೋದ ವರ್ಷ ಹೇಗೆ ಕಳೆದುಹೋಯಿತೆಂದು ನಿನಗೆ ಗೊತ್ತು. ಮತ್ತೆ ಅದೇ ಕಾಯಿಲೆಯೋ ಎಂದು ರಕ್ತ ಪರೀಕ್ಷೆ ಮಾಡಿಸಿದೆ, ಏನೂ ಇಲ್ಲ. ಯಾರಾದರೂ ಹುಡುಗನೋ ಎಂದು ಕೇಳಿದೆ. “ಹುಡುಗ ಆಗಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು” ಎಂದಳು. ಇದು ತಾಯಿಗೆ ಹೇಳುವ ಉತ್ತರವೇ?

ಇಪ್ಪತ್ತೆರಡು ವರ್ಷದಿಂದ ಇದೇ ವಯಸ್ಸಿನ ಹುಡುಗಿಯರನ್ನು ನೋಡುತ್ತಿರುವವಳು ನೀನು. ಏನಾಗಿರಬಹುದು ಹೇಳು. ನಾನು ಬಾಗಿಲಿಗೆ ಕಿವಿ ಇಟ್ಟು ನಿಲ್ಲುವಂತಾಗಿದೆ.

ಇಂತಿ ನಿನ್ನ
ತಂಗಿ

ಮತ್ತೆ: ನಿನ್ನ ಹೆಸರೆತ್ತಿದರೆ ಅವಳ ಕಣ್ಣು ತುಂಬುತ್ತದೆ. ನೀನೇನಾದರೂ ಬೈದೆಯಾ? ಇನ್ನೊಂದು, ಕಸ ಗುಡಿಸುವವರ ಪಟ್ಟಿಯನ್ನು ಮನೆಯಲ್ಲಿ ಶನಿವಾರ ಕುಳಿತು ನೀನೇಕೆ ಬರೆಯುತ್ತೀಯ? ನಿಮ್ಮಲ್ಲಿ ಅದಕ್ಕೊಬ್ಬ ಗುಮಾಸ್ತ ಇದ್ದಾನಲ್ಲ.


ಫೆಬ್ರವರಿ ೧೭, ಮಂಗಳವಾರ

ತಂಗೀ,

ಈ ಪತ್ರವನ್ನು ಅಂಗಡಿಯಲ್ಲಿ ಓದಬೇಡ. ಮನೆಗೆ ಒಯ್ದು, ಕುಳಿತು ಓದು.

ಮರಿಗೆ ಕಾಯಿಲೆಯಿಲ್ಲ. ಅವಳು ಯಾವ ತಪ್ಪೂ ಮಾಡಿಲ್ಲ. ಮಾಡಿದವಳು ನಾನು. ಪತ್ರದ ಕೊನೆಯವರೆಗೂ ಇದನ್ನು ನೆನಪಿಡು.

ಆ ಎರಡು ಪುಟ ಕಸ ಗುಡಿಸುವವರ ಪಟ್ಟಿಯಲ್ಲ. ಮುಂದಿನ ತಿಂಗಳು ಇಪ್ಪತ್ತಮೂರರಂದು ಎಲ್ಲ ನರ್ಸಿಂಗ್ ಶಾಲೆಗಳಲ್ಲೂ ನಡೆಯುವ ಕೊನೆಯ ವರ್ಷದ ಪರೀಕ್ಷೆಯ ಎರಡನೇ ಪ್ರಶ್ನೆಪತ್ರಿಕೆ. ಅದನ್ನು ಬರೆಯಲು ಈ ಸಲ ಮೂವರನ್ನು ಆರಿಸಿದ್ದರು, ಒಬ್ಬಳು ನಾನು. ಮೂವರೂ ಒಂದೊಂದು ಬರೆದು ಕೊಟ್ಟರೆ ಅದರಲ್ಲಿ ಒಂದನ್ನು ತೆಗೆದುಕೊಳ್ಳುತ್ತಾರೆ. ಗಂಡನಿಗೂ ಹೇಳಬಾರದೆಂಬ ನಿಯಮ, ಹೇಳಿರಲಿಲ್ಲ. ಕೈಯಲ್ಲಿ ಬರೆದು, ಒಂದು ಪ್ರತಿ ಮಾಡಿ, ಎರಡನ್ನೂ ಬೇರೆ ಬೇರೆ ಲಕೋಟೆಯಲ್ಲಿ ಅರಗು ಹಾಕಿ ಕೊಡಬೇಕು. ಪ್ರತಿಯನ್ನು ಹೊರಗೆ ಜೆರಾಕ್ಸ್ ಅಂಗಡಿಯಲ್ಲಿ ಮಾಡಿಸಬಾರದು ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ. ನಾನು ನಿಯಮ ಪಾಲಿಸುವವಳು. ಹೊರಗಿನವರ ಕಣ್ಣಿಗೆ ಬೀಳಬಾರದೆಂದು ಕಿಟಕಿ ಮುಚ್ಚಿ, ಪರದೆ ಎಳೆದು, ಬಾಗಿಲಿಗೆ ಚಿಲಕ ಹಾಕಿ, ಮನೆಯ ಪ್ರಿಂಟರಿನ ಗಾಜಿನ ಮೇಲೆ ಇಟ್ಟೆ. ಅದು ಇಂಕು ಪರೀಕ್ಷಿಸಬೇಕು, ಇಂಟರ್ನೆಟ್ ಕೊಡು ಎಂದಿತು, ಕೊಟ್ಟೆ. ಪರದೆಯ ಮೇಲೆ ಬಂದದ್ದನ್ನು ಓದದೆ ಒಪ್ಪಿದೆ, ಒಪ್ಪಿದೆ ಎಂದು ಒತ್ತಿದೆ. ಪ್ರತಿ ಬಂತು. ಅರಗು ಕರಗಿಸುತ್ತಿರುವಾಗ ಮರಿಯ ಫೋನ್ ಬಂತು.

ಅಂದಿನಿಂದ ನಾನು ಹೇಗಿದ್ದೇನೆಂದು ಹೇಳಲು ಬರುವುದಿಲ್ಲ. ತರಗತಿಯಲ್ಲಿ ನಾಡಿ ಹಿಡಿಯುವುದನ್ನು ತೋರಿಸಲು ನನ್ನ ಕೈಯನ್ನೇ ಒಬ್ಬ ಹುಡುಗಿಗೆ ಕೊಟ್ಟೆ. ಅವಳು ಎಣಿಸಿ, “ಮೇಡಂ, ನೂರಾ ಹದಿನೆಂಟು. ನಾನು ತಪ್ಪು ಎಣಿಸಿದೆ ಅನ್ಸುತ್ತೆ” ಎಂದಳು. ತಪ್ಪು ಎಣಿಸಿರಲಿಲ್ಲ. ಕಚೇರಿಯ ಜವಾನ ಬಾಗಿಲು ತಟ್ಟಿದರೆ ಸಾಕು, ನನ್ನನ್ನೇ ಕರೆಯಲು ಬಂದ ಎಂದು ಪುಸ್ತಕ ಮುಚ್ಚಿ ಎದ್ದು ನಿಲ್ಲುತ್ತೇನೆ. ಲಕೋಟೆಗಳನ್ನು ಹೋದ ವಾರ ಸೋಮವಾರವೇ ಕೊಟ್ಟು ಬಂದಿದ್ದೆ. ಕೊಡುವಾಗ ಪರೀಕ್ಷಾ ವಿಭಾಗದ ಮುಖ್ಯಸ್ಥರು ಅರಗನ್ನು ತಿರುಗಿಸಿ ನೋಡಿ, “ಇಷ್ಟು ಅಚ್ಚುಕಟ್ಟಾಗಿ ಯಾರೂ ಹಾಕಲ್ಲ” ಎಂದು ಹೊಗಳಿದರು. ಅಲ್ಲಿಂದ ಬಂದು ಶಿಕ್ಷಕಿಯರ ಕೋಣೆಯಲ್ಲಿ ಕುಳಿತು ಬರೆದದ್ದೇ ನನ್ನ ಮೊದಲ ಪತ್ರ. ನಿನಗೆ ಪ್ರಿಂಟರ್ ಬೇಕೆಂದು ಬರೆದೆ. ಬೇಕಾಗಿತ್ತು ನಿಜ, ಆದರೆ ತಿಳಿಯಬೇಕಾಗಿದ್ದದ್ದು ಆ ಫೋನಿನಲ್ಲಿ ಏನಿದೆ ಎಂದು.

ಇನ್ನೊಂದಿದೆ. ಡಿಸೆಂಬರಿನಲ್ಲಿ ನಮ್ಮಿಂದ ಒಂದು ಘೋಷಣೆಗೆ ಸಹಿ ಹಾಕಿಸಿಕೊಂಡಿದ್ದರು: ನನ್ನ ಮಕ್ಕಳಾಗಲಿ ಹತ್ತಿರದ ಸಂಬಂಧಿಕರಾಗಲಿ ಈ ವರ್ಷ ಪರೀಕ್ಷೆಗೆ ಕೂರುತ್ತಿಲ್ಲ ಎಂದು. ಮರಿ ಕಾಯಿಲೆಯಿಂದ ಓದು ಬಿಟ್ಟಿದ್ದವಳು ಮತ್ತೆ ಸೇರಿಕೊಂಡಿದ್ದು ಆ ಹೊತ್ತಿಗೆ ನನಗೆ ಮರೆತುಹೋಗಿತ್ತು. ಸಹಿ ಹಾಕಿದೆ.

ನಿನ್ನೆ ಬೆಳಗ್ಗೆ ನಿನ್ನ ಪತ್ರ ತಲುಪಿತು. ಔಷಧಿಯ ಸ್ಟೋರಿನಲ್ಲಿ ನಿಂತು ಓದಿದೆ, ಆ ಜಾಗ ಖಾಲಿ ಇತ್ತು ಎಂಬ ಸಾಲನ್ನು ಎರಡು ಸಲ ಓದಿದೆ. ಮಧ್ಯಾಹ್ನ ಹನ್ನೆರಡಕ್ಕೆ ಅಭ್ಯಾಸದ ಕೋಣೆಗೆ ಹೋದರೆ ರೋಗಿಯ ಗೊಂಬೆ ಮಲಗಿಸುವ ಮಂಚದ ಪಕ್ಕದ ಸ್ಟೂಲಿನಲ್ಲಿ ಮರಿ ಕುಳಿತಿದ್ದಳು. ನಿನಗೆ ಲೈಬ್ರರಿ ಎಂದು ಹೇಳಿ ಎರಡು ಗಂಟೆ ಬಸ್ಸಿನಲ್ಲಿ ಬಂದಿದ್ದಾಳೆ. ಅದಕ್ಕಾಗಿ ಅವಳನ್ನು ಬೈಯಬೇಡ.

ನಾನು ಕೇಳುವ ಮೊದಲೇ ಅವಳೇ ಹೇಳಿದಳು. “ಓದಿದೆ ದೊಡ್ಡಮ್ಮಾ. ನಿಮ್ಮ ಅಕ್ಷರ ಅಂತ ಸುಮ್ನೆ ತೆರೆದೆ. ಮೂರನೇ ಪ್ರಶ್ನೆಗೆ ಬರೋಷ್ಟರಲ್ಲಿ ಏನು ಅಂತ ಗೊತ್ತಾಯ್ತು. ಗೊತ್ತಾದ್ಮೇಲೂ ನಿಲ್ಲಿಸ್ಲಿಲ್ಲ. ಎರಡನೇ ಪುಟಾನೂ ಓದಿದೆ.”

ಅಳಿಸಿದ್ದು ಯಾಕೆ ಎಂದೆ. “ಅಪ್ಪ ನೋಡಿದ್ರೆ ಬಸ್‌ನಲ್ಲಿ ಯಾರ್ ಹತ್ರನಾದ್ರೂ ಬಾಯಿಬಿಡ್ತಾರೆ, ನಿಮ್ಮ ಕೆಲಸ ಹೋಗುತ್ತೆ ಅಂತ.”

ಆಮೇಲೆ ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ, ತಾಯಿಯಾಗಿ ನೀನು ತಿಳಿಯಬೇಕು. “ಹತ್ತಕ್ಕೆ ಒಂಬತ್ತು ನಂಗೆ ಮೊದಲೇ ಬರ್ತಿತ್ತು ದೊಡ್ಡಮ್ಮಾ. ಹನಿ ಲೆಕ್ಕ, ಸುಟ್ಟ ಗಾಯ, ಎಲ್ಲಾ. ಈಗ ಬರ್ತಿತ್ತು ಅಂತ ಯಾರ ಹತ್ರ ಹೇಳ್ಲಿ? ನಂಗೇ ನಂಬಿಕೆ ಬರಲ್ಲ.” ಪುಸ್ತಕ ತೆರೆದರೆ ಕೈ ತಾನಾಗಿ ಆ ಪುಟಗಳಿಗೇ ಹೋಗುತ್ತದಂತೆ, ಅದಕ್ಕೆ ಪುಸ್ತಕವನ್ನೇ ಕಟ್ಟಿ ಒಳಗೆ ತಳ್ಳಿದ್ದಾಳೆ.

ಅವಳು ಒಂದು ದಾರಿ ಹುಡುಕಿಕೊಂಡು ಬಂದಿದ್ದಳು. ಹುಷಾರಿಲ್ಲವೆಂದು ಅರ್ಜಿ ಕೊಡುತ್ತಾಳೆ, ಈ ವರ್ಷ ಕೂರುವುದಿಲ್ಲ, ಆಗ ಯಾರಿಗೂ ಮೋಸವಾಗುವುದಿಲ್ಲ, ನನ್ನ ಕೆಲಸವೂ ಉಳಿಯುತ್ತದೆ. “ಹೋದ್ ವರ್ಷಾನೂ ಹೋಯ್ತಲ್ಲ, ಇನ್ನೊಂದು ಹೋದ್ರೆ ಏನು” ಎಂದಳು. ಗೊಂಬೆಯ ಕೈಯನ್ನು ಹೊದಿಕೆಯೊಳಗೆ ಸರಿಮಾಡಿ ಇಡುತ್ತಾ ಹೇಳಿದಳು, ನಿಜವಾದ ರೋಗಿಯೇನೋ ಎಂಬಂತೆ.

ತಂಗೀ, ಆಗ ಒಂದು ನಿಮಿಷ ನನಗೆ ಸಮಾಧಾನವಾಯಿತು. ಇದನ್ನು ನಿನಗೆ ಹೇಳದೆ ಇರಬಹುದಿತ್ತು. ಅವಳ ವರ್ಷ ಹೋದರೂ ನಾನು ಉಳಿದೆ ಎಂದು ಒಂದು ನಿಮಿಷ ಅನ್ನಿಸಿತು. ವಾರದಿಂದ ಹೊರಗಿನವರಿಗೆ ಹೆದರುತ್ತಿದ್ದೆ. ಆ ನಿಮಿಷದಲ್ಲಿ ನನಗೆ ನನ್ನದೇ ಹೆದರಿಕೆಯಾಯಿತು.

ಅರ್ಜಿ ಕೊಡಬೇಡ, ಪುಸ್ತಕ ತೆಗೆ ಎಂದು ಹೇಳಿ ಅವಳನ್ನು ಮೂರರ ಬಸ್ಸಿಗೆ ಹತ್ತಿಸಿದೆ. ಅಲ್ಲಿಂದ ಅಂಗಡಿಗೆ ಹೋಗಿ ನಿಮ್ಮ ಮನೆಯವರು ಹೇಳಿದ್ದನ್ನೇ ಕೇಳಿದೆ. ಹಿಂದಿನ ಸಾಲಿನಲ್ಲಿ ಇತ್ತು, ಧೂಳು ಕುಳಿತಿತ್ತು. ಗಾಜಿಲ್ಲ, ಪರದೆಯಿಲ್ಲ, ಎರಡೇ ಗುಂಡಿ, ಒಂದು ವೈರು. ಅಂಗಡಿಯವನಿಂದ ಇಂಟರ್ನೆಟ್ ಇಲ್ಲದೆ ಒಂದು ಪುಟ ತೆಗೆಸಿದೆ. “ಇದ್ರಲ್ಲಿ ಏನೂ ಇಲ್ವಲ್ಲ ಮೇಡಂ” ಎಂದು ಅವನೇ ಬೇಸರಪಟ್ಟ. ಮನೆಗೆ ತಂದು, ಶಾಲೆಯವರು ಕೊಟ್ಟಿದ್ದ ಹಳೇ ಕಂಪ್ಯೂಟರಿಗೆ ಸಿಕ್ಕಿಸಿ, ಮುಖ್ಯಸ್ಥರಿಗೆ ಬರೆದ ಪತ್ರವನ್ನು ಇವತ್ತು ಬೆಳಗ್ಗೆ ತೆಗೆದೆ. ಹದಿನೈದು ಸೆಕೆಂಡಿನಲ್ಲಿ ಬಂತು. ಒಂದು ಸಲವೂ ಒಪ್ಪಿಗೆ ಕೇಳಲಿಲ್ಲ. ಬಿಸಿಯಾಗಿದ್ದ ಹಾಳೆ ಹಿಡಿದುಕೊಂಡು ನಿಂತಿದ್ದಾಗ, ಅದು ಏನಾದರೂ ತಕರಾರು ಮಾಡಿದ್ದರೆ ಚೆನ್ನಾಗಿತ್ತು ಎನ್ನಿಸಿದ್ದೂ ನಿಜ.

ನಾಳೆ ಹತ್ತಕ್ಕೆ ಮುಖ್ಯಸ್ಥರ ಮುಂದೆ ಹೋಗುತ್ತೇನೆ. ಪರೀಕ್ಷೆಗೆ ಇನ್ನೂ ಐದು ವಾರವಿದೆ. ನನ್ನ ಪತ್ರಿಕೆ ಬಿಟ್ಟು ಉಳಿದಿಬ್ಬರದರಲ್ಲಿ ಒಂದನ್ನು ತೆಗೆದುಕೊಳ್ಳಬಹುದು. ನನ್ನನ್ನು ಕೆಲಸದಿಂದ ತೆಗೆಯಬಹುದು, ತೆಗೆಯದೆ ಬರೀ ದಂಡ ಹಾಕಬಹುದು. ಮರಿಯನ್ನು ಕೂರಿಸುತ್ತಾರೋ ಇಲ್ಲವೋ ಗೊತ್ತಿಲ್ಲ. ಹೆಸರು ಹೇಳದೆ ಅಲ್ಲಿನ ಗುಮಾಸ್ತರನ್ನು ಕೇಳಿ ನೋಡಿದೆ, “ಅದು ಸಮಿತಿಗೆ ಬಿಟ್ಟಿದ್ದು” ಎಂದರು. ಯಾರು ನೋಡಿದರು ಎಂದು ಬರೆಯದೆ ಬಿಡೋಣವೆಂದು ಬಹಳ ಹೊತ್ತು ಕುಳಿತೆ. ಬಿಟ್ಟರೆ ಎಲ್ಲರಿಗಿಂತ ಮೊದಲು ಅವಳ ಮೇಲೆಯೇ ಅನುಮಾನ ಬೀಳುತ್ತದೆ, ಕದ್ದವಳೆಂದು ಬೀಳುತ್ತದೆ. ಅದಕ್ಕೆ ಬರೆದಿದ್ದೇನೆ: ಅವಳು ನೋಡಿದ್ದು ನನ್ನ ಅಜಾಗರೂಕತೆಯಿಂದ, ಬಂದು ಹೇಳಿದ್ದು ಅವಳೇ. ಇಷ್ಟು ಬರೆದ ಮೇಲೂ ಅವರು ಅವಳನ್ನು ಪರೀಕ್ಷೆಗೆ ಕೂರಲು ಬಿಡದಿದ್ದರೆ ನೀನು ನನ್ನ ಮುಖ ನೋಡಬೇಡ, ನಾನು ಒಪ್ಪುತ್ತೇನೆ.

ಅವಳ ಪುಸ್ತಕದ ಚೀಲ ಮಂಚದ ಕೆಳಗಿನಿಂದ ಹೊರಗೆ ಬಂದಿದೆಯೇ ಎಂದಷ್ಟೇ ನೋಡಿ ನನಗೆ ಬರೆ.

ಇಂತಿ,
ನಿನ್ನ ಅಕ್ಕ

ಮತ್ತೆ: ಘೋಷಣೆಗೆ ಸಹಿ ಹಾಕುವಾಗ ಮರಿ ಮತ್ತೆ ಸೇರಿಕೊಂಡದ್ದು ಮರೆತುಹೋಗಿತ್ತು ಎಂದು ಮೇಲೆ ಬರೆದಿದ್ದೇನೆ. ಮರೆತಿರಲಿಲ್ಲ. ಅಂದು ಬೆಳಗ್ಗೆಯೇ ನೀನು ಫೋನ್ ಮಾಡಿ, ಪರೀಕ್ಷೆಗೆ ಹೆಸರು ಕೊಟ್ಟು ಬಂದಳು ಎಂದು ಖುಷಿಯಿಂದ ಹೇಳಿದ್ದೆ. ನಮ್ಮ ಶಾಲೆಯಿಂದ ಪ್ರಶ್ನೆಪತ್ರಿಕೆ ಬರೆಯಲು ಕರೆದದ್ದು ನನ್ನನ್ನೇ ಮೊದಲು. ತಂಗಿಯ ಮಗಳಿದ್ದಾಳೆ ಎಂದಿದ್ದರೆ ಆ ಕೆಲಸ ಬೇರೆಯವರಿಗೆ ಹೋಗುತ್ತಿತ್ತು. ಅದಕ್ಕೇ ಹೇಳಲಿಲ್ಲ. ಮುಖ್ಯಸ್ಥರಿಗೆ ಬರೆದ ಪತ್ರದಲ್ಲೂ ಬೆಳಗ್ಗೆ ‘ಮರೆತು’ ಎಂದೇ ಇತ್ತು. ಆ ಹಾಳೆ ಹರಿದು ಈಗ ಇನ್ನೊಂದು ತೆಗೆದಿದ್ದೇನೆ. ನಿನಗೆ ಬರೆದ ಈ ಪತ್ರದ ಆ ಸಾಲನ್ನು ಮಾತ್ರ ಹೊಡೆದುಹಾಕಿಲ್ಲ. ಎಲ್ಲ ಒಪ್ಪಿಕೊಳ್ಳಲು ಕುಳಿತಾಗಲೂ ನಾನು ನಿನಗೆ ಏನು ಬರೆದೆ ಎಂಬುದು ನಿನ್ನ ಹತ್ತಿರ ಇರಲಿ.